ಹಳದಿ ಕಾರಿನ ಸುಟ್ಟ ವಾಸನೆ

ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನಾಕೆ ನನ್ನನ್ನು ಬೈಯುತ್ತಾಳೆ. ನಿಜ ಹೇಳಬೇಕೆಂದರೆ ಎಂಟು ತಿಂಗಳಿಂದ ಆ ಮೂಗಿನಲ್ಲಿ ಉಳಿದಿರುವುದು ಅದೊಂದೇ. ಒಂದು ವಾರ ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಈಗ ನನಗೆ ಡೀಸೆಲ್ಲೂ ಒಂದೇ, ಸೋಪೂ ಒಂದೇ.

ಬೇರೆಯವನಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗುತ್ತಿದ್ದ. ನಾನು ಹೇಳುವಂತಿಲ್ಲ. ಅಕ್ಕನ ಗಂಡನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮೆಕ್ಯಾನಿಕ್. ಭಾವ ಬಾಗಿಲ ಮೇಲೆ ಆಳೆತ್ತರದ ಬೋರ್ಡು ಬರೆಸಿ ಹಾಕಿದ್ದಾರೆ: ‘ಮೂಗಿನಿಂದಲೇ ರೋಗ ಪತ್ತೆ’. ಪಕ್ಕದಲ್ಲಿ ನನ್ನದೇ ಮುಖ. ನಮ್ಮ ಪೇಂಟರ್ ಮಹಾಶಯ ಮೂಗನ್ನು ಬದನೆಕಾಯಿ ಮಾಡಿಟ್ಟಿದ್ದಾನೆ. ಊರಿಗೆಲ್ಲ ನಾನು ಮೂಗಣ್ಣ. ಮೂಗೇ ಸತ್ತಿದೆ ಎಂದರೆ ಬೋರ್ಡು ಇಳಿಯುತ್ತದೆ, ಬೋರ್ಡಿನ ಹಿಂದೆಯೇ ನಾನೂ.

ಮತ್ತೆ ಎಂಟು ತಿಂಗಳು ಹೇಗೆ ತಳ್ಳಿದೆ ಅಂತೀರಾ? ಗಾಡಿ ತಂದವರನ್ನು ಮೊದಲು ನಾನೇ ಕೇಳುತ್ತೇನೆ, “ನಿಮ್ಮ ಮೂಗು ಏನನ್ನುತ್ತೆ, ಹೇಳಿ ನೋಡೋಣ.” ಸುಟ್ಟ ಕಾಗದ ಎಂದರೆ ಕ್ಲಚ್ಚು, ಸಿಹಿ ವಾಸನೆ ಎಂದರೆ ರೇಡಿಯೇಟರ್ ಸೋರುತ್ತಿದೆ, ಕರಗಿದ ಪ್ಲಾಸ್ಟಿಕ್ ಎಂದರೆ ವೈರು. ಆಮೇಲೆ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಅವರದೇ ಮಾತನ್ನು ಅವರಿಗೇ ಒಪ್ಪಿಸುವುದು. ಕಣ್ಣು ಮುಚ್ಚುವುದು ಭಾವ ಕಲಿಸಿದ ವಿದ್ಯೆ. “ಕಣ್ಣು ಬಿಟ್ಕೊಂಡು ಮೂಸಿದ್ರೆ ನಾಯಿ ಮೂಸ್ದಂಗಿರುತ್ತೆ ಕಣೋ, ಯಾರು ನಂಬ್ತಾರೆ?” ಎನ್ನುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ಆ ಹಳದಿ ಸ್ಪೋರ್ಟ್ಸ್ ಕಾರು ಬಂತು. ಓಡಿಸುತ್ತಿದ್ದವರು ಹಲ್ಲಿನ ಡಾಕ್ಟರು, ನಲವತ್ತರ ಹೆಂಗಸು. ಕಾರಿನಲ್ಲಿ ಸುಟ್ಟ ವಾಸನೆಯಂತೆ. ಕಾರು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಅದರೊಳಗೆ ಕೂರುವುದಲ್ಲ, ಬೀಳುವುದು. ಮೊದಲು ಹಿಂಬದಿಯ ಎಂಜಿನ್ ಮುಚ್ಚಳ ತೆಗೆಸಿ ನೋಡಿದೆ. ಆಯಿಲ್ ಸೋರಿಲ್ಲ, ಬೆಲ್ಟ್ ಸರಿಯಿದೆ. ಒಂದು ಸುತ್ತು ಹೋಗಿ ಬರೋಣ ಎಂದೆ. ಪಕ್ಕದ ಸೀಟಿಗೆ ಬಿದ್ದ ಕೂಡಲೇ ಮೊಣಕಾಲು ಎದೆಗೆ ಬಂತು. ಸ್ವಿಚ್ಚು ಒತ್ತಿ ಸೀಟನ್ನು ಕೊನೆಯ ತನಕ ಹಿಂದಕ್ಕೆ ಸರಿಸಿಕೊಂಡೆ.

“ಹೇಳಿ ಡಾಕ್ಟ್ರೇ, ನಿಮ್ಮ ಮೂಗು ಏನನ್ನುತ್ತೆ?”

“ಅಯ್ಯೋ, ನನಗೆ ವಾಸನೆನೇ ಬರಲ್ಲ ರೀ,” ಎಂದು ಅವರು ನಕ್ಕರು. “ಜ್ವರ ಬಂದಿತ್ತು, ಆಗಿಂದ ಹೋಯ್ತು. ಸುಟ್ಟ ವಾಸನೆ ಅಂತ ಹೇಳಿದ್ದು ನನ್ನ ಮಗಳು. ಅವಳು ಇದೇ ಸೀಟಲ್ಲಿ ಕೂರೋದು. ಮೂರೂವರೆಗೆ ಸರ್ಕಲ್ ಹತ್ರದ ಸ್ಕೂಲಿಂದ ಹಾಗೇ ಕರ್ಕೊಂಡು ಅವಳ ಅಜ್ಜಿ ಮನೆಗೆ ಹೊರಟಿದೀವಿ. ನಾಲ್ಕು ಗಂಟೆ ದಾರಿ, ಪೂರ್ತಿ ಬೆಟ್ಟ. ಅದಕ್ಕೇ ನಂಬೋವಂಥ ಮೂಗು ಬೇಕು ಅಂತ ನಿಮ್ಮ ಹತ್ರ ಬಂದೆ.”

ಎಂಟು ತಿಂಗಳಿಂದ ನಾನು ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದನ್ನು ಈಕೆ ಅಪರಿಚಿತನ ಮುಂದೆ ನಗುತ್ತಾ ಹೇಳಿಬಿಟ್ಟರು. ‘ನನಗೂ ಬರಲ್ಲ’ ಎಂಬ ಎರಡು ಮಾತು ಬಾಯಿಯ ತನಕ ಬಂತು. ಆದರೆ ಕಾರು ಆಗಲೇ ಗ್ಯಾರೇಜಿನ ಮುಂದೆ ತಿರುಗುತ್ತಿತ್ತು. ಭಾವ ಗಿರಾಕಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ನನ್ನತ್ತ ಹೆಬ್ಬೆರಳೆತ್ತಿದರು. ಆ ಕಿರಿದಾದ ಪೆಟ್ಟಿಗೆಯಲ್ಲಿ ಕೂತ ನಾನು ಕಣ್ಣು ಮುಚ್ಚಿದೆ. ಉಸಿರೆಳೆದೆ. ಹಿಮ್ಮಡಿಯ ಹತ್ತಿರ ಬೆಚ್ಚಗೆನಿಸಿತು. ಇಂಥ ಕಾರು ಬಿಸಿಯಾಗುವುದು ಮಾಮೂಲಿ ಎಂದುಕೊಂಡೆ.

“ಕ್ಲಚ್ಚು,” ಎಂದೆ. “ಟ್ರಾಫಿಕ್ಕಲ್ಲಿ ಹಿಡಿದು ಬಿಟ್ಟು ಮಾಡಿ ಕಾದಿದೆ. ಹೆದ್ರಬೇಡಿ, ಆರಾಮಾಗಿ ಹೋಗ್ಬನ್ನಿ.”

ಅವರು ಕೈಮುಗಿದು ಹೊರಟರು. ಅವರು ಕೈಮುಗಿದದ್ದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಪೇಂಟರ್ ಮುಖ ಸಿಂಡರಿಸಿದ. “ಏನ್ ಮೂಗಣ್ಣ, ಪ್ಯಾಂಟ್ ಸುಟ್ಕೊಂಡಿದೀಯಲ್ಲ! ಗಬ್ಬು ನಾರ್ತಿದೆ, ನಿನಗೇ ಗೊತ್ತಾಗ್ಲಿಲ್ವಾ?”

ಬಗ್ಗಿ ನೋಡಿದೆ. ಹಿಮ್ಮಡಿಯ ಹಿಂದೆ ಪ್ಯಾಂಟಿನ ಅಂಚು ಕಂದುಬಣ್ಣಕ್ಕೆ ತಿರುಗಿ, ಕರಗಿ ಮುದುಡಿಕೊಂಡಿತ್ತು. ಕ್ಲಚ್ಚಿನ ಬಿಸಿ ಅಲ್ಲಿಗೆ ಬರುವುದಿಲ್ಲ. ಅಲ್ಲಿರುವುದು ಸೀಟಿನ ಅಡಿಯ ವೈರು. ಸೀಟು ಹಿಂದೆ ಮುಂದೆ ಆಡಿ ಆಡಿ ಅದರ ಹೊದಿಕೆ ಸವೆದಿರಬೇಕು, ಕೊನೆಯ ತನಕ ಎಳೆದು ನಾನೇ ಪೂರ್ತಿ ಮಾಡಿದ್ದೆ. ಕಣ್ಣು ಬಿಟ್ಟಿದ್ದರೆ ಹೊಗೆಯ ಎಳೆಯಾದರೂ ಕಾಣುತ್ತಿತ್ತು. ಸತ್ತ ಮೂಗಿಗೋಸ್ಕರ ಬದುಕಿದ್ದ ಕಣ್ಣನ್ನು ಮುಚ್ಚಿಕೊಂಡ ಮುಠ್ಠಾಳ ನಾನು.

ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಕೌಂಟರಿಗೆ ಓಡಿದೆ. “ಭಾವ, ಆ ಡಾಕ್ಟರ ನಂಬರ್ ಕೊಡಿ. ಕ್ಲಚ್ಚಲ್ಲ ಅದು.”

“ಹೇಳಿದ್ದನ್ನ ಬದಲಾಯಿಸ್ತೀಯಾ? ಇಷ್ಟು ಜನರ ಮುಂದೆ?”

“ನನಗೆ ವಾಸನೆ ಬರಲ್ಲ ಭಾವ. ಎಂಟು ತಿಂಗಳಾಯ್ತು.”

ಭಾವ ಸುತ್ತ ನೋಡಿ, ನನ್ನ ಬಾಯಿಯ ಮೇಲೆಯೇ ಕೈಯಿಟ್ಟರು. “ಶ್! ಮೆಲ್ಲಗೆ. ನಿನ್ನಕ್ಕನ ಸಂಸಾರ ನಿಂತಿರೋದೇ ಆ ಮೂಗಿನ ಮೇಲೆ.” ಆದರೆ ನಂಬರ್ ಕೊಟ್ಟರು. ಮೂರು ಸಲ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಯಾರು ಎತ್ತುತ್ತಾರೆ? ಸ್ಕೂಲಿಗೇ ಹೋಗ್ತೀನಿ ಎಂದು ಕೂಗಿ, ಭಾವನ ಸ್ಕೂಟರ್ ಹತ್ತಿ ಆ ಕಡೆ ಬಿಟ್ಟೆ. ದಾರಿಯುದ್ದಕ್ಕೂ ಒಂದೊಂದು ಸಿಗ್ನಲ್ಲೂ ಕೆಂಪು. ಅದಕ್ಕೂ ಬೈದೆ, ನನಗೂ ಬೈದುಕೊಂಡೆ.

ಸ್ಕೂಲಿನ ಗೇಟಿನಲ್ಲಿ ಹಳದಿ ಕಾರು ನಿಂತಿತ್ತು. ಎರಡು ಜಡೆಯ ಹುಡುಗಿ ಆಗಲೇ ಒಂದು ಕಾಲು ಒಳಗಿಟ್ಟಿದ್ದಳು.

“ಕೂರಬೇಡಮ್ಮಾ!” ಎಂದು ಕಿರುಚಿದೆ.

ಅವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. “ಅಮ್ಮಾ, ಅದೇ ವಾಸನೆ. ಬಾಚಣಿಗೆ ಸುಟ್ಟ ಹಾಗೆ. ಇವತ್ತು ತುಂಬಾ ಜಾಸ್ತಿ.”

ಮುಂದಿನ ಡಿಕ್ಕಿ ತೆಗೆಸಿ ಬ್ಯಾಟರಿಯ ತಂತಿ ಕಿತ್ತೆ. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿದಾಗ ಅಂಗೈಯಗಲ ಕರಿ. ಸೀಟಿನ ಸ್ಪಂಜಿನ ಅಂಚಿಗೂ ಕಿಡಿ ಹತ್ತಿತ್ತು. ನೀರು ಸುರಿದೆ. ಬೆಟ್ಟದ ದಾರಿಯಲ್ಲಿ, ಬೆಲ್ಟ್ ಬಿಗಿದುಕೊಂಡು ಕೂತ ಮಗು ಕಣ್ಣ ಮುಂದೆ ಬಂತು.

ಎಲ್ಲ ಹೇಳಿದೆ. ಡಾಕ್ಟರು ಮಗಳನ್ನು ತಬ್ಬಿಕೊಂಡು ಕೇಳುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಆಸೆಪಟ್ಟೆ.

“ವಾಸನೆ ಬರಲ್ಲ ಅಂತ ನಾನು ಹೇಳಿದಾಗ ನೀವು ಪಕ್ಕದಲ್ಲೇ ಕೂತಿದ್ರಲ್ಲ,” ಎಂದರು ಅಷ್ಟೇ. ಮಗಳ ಕೈಹಿಡಿದು ನಡೆದುಹೋದರು.

ವಾಪಸ್ ಬರುವಷ್ಟರಲ್ಲಿ ಗ್ಯಾರೇಜಿನ ಮುಂದೆ ಜನ ಸೇರಿದ್ದರು. ಭಾವ ಬೋರ್ಡಿನ ಕೆಳಗೆ ನಿಂತು ಕೈಯಾಡಿಸುತ್ತಿದ್ದರು. “ಇಲ್ಲೇ ಕೂತು ಟೀ ಕುಡೀತಿದ್ದ. ಗಾಳಿ ಆ ಕಡೆಯಿಂದ ಬೀಸ್ತು ನೋಡಿ, ಎದ್ದವನೇ ಓಡ್ದ! ಸ್ಕೂಲ್ ತನಕ!”

“ಸುಳ್ಳು,” ಎಂದೆ. “ನನಗೆ ವಾಸನೆನೇ ಬರಲ್ಲ. ಎಂಟು ತಿಂಗಳಿಂದ ಬರಲ್ಲ.”

ನಗು ಶುರುವಾಯಿತು. ಪೇಂಟರ್ ಬೆಂಚು ಬಡಿದು ನಕ್ಕ. “ಬಿಡೋ ಮೂಗಣ್ಣ, ರೀಲು ಬಿಡೋಕೂ ಒಂದು ಮಿತಿ ಬೇಡ್ವಾ!”

ಜನರ ನಡುವೆ ಹಳೆಯ ವ್ಯಾನೊಂದು ಬಂದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಬಸುರಿ ಸೊಸೆ, ಇಬ್ಬರು ಮಕ್ಕಳು. ಓಡಿಸುತ್ತಿದ್ದವನು ಕಿಟಕಿಯಿಂದ ತಲೆ ಹಾಕಿದ. “ಅಣ್ಣಾ, ಏನೋ ಸುಟ್ಟ ವಾಸನೆ ಅಂತಾರೆ ಇವ್ರು. ಸ್ವಲ್ಪ ಮೂಸಿ ಹೇಳ್ಬಿಡಿ.”

ಭಾವ ನನ್ನ ಭುಜ ಅದುಮಿದರು. ನಾನು ಕಣ್ಣು ಮುಚ್ಚಲಿಲ್ಲ.

“ಎಲ್ರೂ ಇಳೀರಿ ಮೊದ್ಲು,” ಎಂದೆ. “ನನಗೆ ಗೊತ್ತಾಗಲ್ಲ. ದೇವರಾಣೆಗೂ ಗೊತ್ತಾಗಲ್ಲ. ಇಳೀರಿ!”

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಕ್ಕಳೂ ನಕ್ಕವು. ವ್ಯಾನಿನಿಂದ ಒಬ್ಬರೂ ಇಳಿಯಲಿಲ್ಲ.