ಪರಿಶೀಲಿಸಿದವರು

ಜರಡಿ ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಹೇಳುತ್ತಿದ್ದರು. ಅದು ಸುಳ್ಳು. ಹತ್ತೊಂಬತ್ತು ವರ್ಷ ಅದೇ ಮೂರನೇ ಮಹಡಿಯಲ್ಲಿ, ಅದೇ ಕಿಟಕಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದ ಅವಳು ನಿಜವಾಗಿ ಕೂಗಾಡಿದ್ದು ಎರಡೇ ಸಲ. ಒಂದು, ಯಾರೋ ತಿಂಡಿ ತಿಂದ ಕೈಯಲ್ಲಿ ಅವಳ ಕಂಪ್ಯೂಟರಿನ ಪರದೆ ಮುಟ್ಟಿ ಎಣ್ಣೆಗುರುತು ಮಾಡಿದಾಗ. ಇನ್ನೊಂದು ಸಲದ ಕತೆ ಇದು.

ಅವಳದು ನೆಲದ ಮಾತು ಕೇಳುವ ಕೆಲಸ. ಬಯಲಿನಲ್ಲಿ ದೊಡ್ಡ ಲಾರಿಗಳು ನೆಲವನ್ನು ನಡುಗಿಸುತ್ತವೆ. ಆ ನಡುಕ ಕೆಳಗಿನ ಕಲ್ಲುಮಣ್ಣಿನ ಪದರಗಳಿಗೆ ಬಡಿದು ಮೇಲೆ ಬರುತ್ತದೆ. ನೆಲಕ್ಕೆ ಚುಚ್ಚಿಟ್ಟ ಸಾವಿರಾರು ಸಣ್ಣ ಉಪಕರಣಗಳು ಅದನ್ನು ಹಿಡಿದಿಡುತ್ತವೆ. ಜೊತೆಗೆ ಗಾಳಿಯ ಸದ್ದು, ರಸ್ತೆಯ ಬಸ್ಸಿನ ಸದ್ದು, ಪಂಪಿನ ಸದ್ದು, ದನ ನಡೆದುಹೋದ ಸದ್ದು ಕೂಡ ಸೇರಿಕೊಂಡಿರುತ್ತವೆ. ಅದನ್ನೆಲ್ಲ ಸೋಸಿ, ಕೆಳಗೆ ಏನಿದೆ ಎಂಬ ಚಿತ್ರ ತೆಗೆದುಕೊಟ್ಟರೆ, ಅದನ್ನು ನಂಬಿ ತೈಲಬಾವಿ ಕೊರೆಯುವವರು ಕೊರೆಯುತ್ತಾರೆ. ಸೋಸುವುದರಲ್ಲಿ ಅವಳದು ಎತ್ತಿದ ಕೈ. ಕಲ್ಲನ್ನು ಒಳಗೆ ಬಿಡಳು, ಕಾಳನ್ನು ಹೊರಗೆ ಬಿಡಳು. ಅದಕ್ಕೇ ಆ ಹೆಸರು.

ಹೀಗೆ ಸೋಸಲು ಬಳಸುವ ತಂತ್ರಾಂಶದ ಹೊಸ ಆವೃತ್ತಿ ಬಂದದ್ದು ಒಂದು ಸೋಮವಾರ. ಅದನ್ನು ತಯಾರಿಸಿದ ಕಂಪನಿಯಿಂದ ತರಬೇತಿ ಕೊಡಲು ಒಬ್ಬ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಜೇನು ಸವರಿದ ಮಾತು. ಸಭೆಯ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ, ಹದಿನೇಳು ಜನ. ಹೊಸ ಸೌಲಭ್ಯಗಳು ಮೂರು ಎಂದ. ಗದ್ದಲ ಯಾವುದೆಂದು ತಾನೇ ಗುರುತಿಸಿ ತೆಗೆಯುತ್ತದೆ. ಪದರಗಳ ಗೆರೆಯನ್ನು ತಾನೇ ಎಳೆಯುತ್ತದೆ. ಕೊನೆಗೆ ವರದಿಯನ್ನೂ ತಾನೇ ಬರೆದು, ಕಳಿಸಲು ಸಿದ್ಧ ಮಾಡಿಡುತ್ತದೆ.

"ನೀವು ಮೂರು ವಾರ ಕೂತು ಮಾಡ್ತಿದ್ದ ಕೆಲಸ ಇನ್ಮೇಲೆ ಎರಡೇ ದಿನ," ಎಂದು ಅವನು ಗೋಡೆಯ ಮೇಲೆ ಎರಡು ಚಿತ್ರ ತೋರಿಸಿದ. ಎಡಗಡೆಯದು ಒರಟು, ಬಲಗಡೆಯದು ಬಾಚಿದ ತಲೆಯ ಹಾಗೆ ನುಣುಪು.

"ಎಡಗಡೆ ಮೇಲ್ಗಡೆ ಒಂದಷ್ಟು ಗಾಢವಾಗಿ ಕಾಣ್ತಿತ್ತಲ್ಲ, ಅದು ಬಲಗಡೆ ಎಲ್ಲಿ ಹೋಯ್ತು?" ಎಂದು ಜರಡಿ ಕೇಳಿದಳು.

"ಅದು ಗದ್ದಲ, ಮೇಡಂ."

"ಗದ್ದಲ ಅಂತ ಯಾರು ಹೇಳಿದ್ರು?"

"ಹೊಸ ಆವೃತ್ತಿ ಹೇಳ್ತು."

ಎಲ್ಲರೂ ನಕ್ಕರು. ಮ್ಯಾನೇಜರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜರಡಿ ನಗಲಿಲ್ಲ. ಮರುದಿನದಿಂದ ಅವಳಿಗೆ ಎರಡು ದಿನ ರಜೆಯಿತ್ತು. ಅಕ್ಕನಿಗೆ ಕಣ್ಣಿನ ಆಪರೇಷನ್. ಭಾವ ಕೊರೆಯುವ ತಂಡದ ಮುಖ್ಯಸ್ಥ. ಹದಿನೇಳನೇ ನಂಬರಿನ ಬಾವಿಯ ಜಾಗಕ್ಕೆ ಹೋಗಿ ಕೂತಿದ್ದ, ಬರುವ ಹಾಗಿರಲಿಲ್ಲ. ಹಾಗಾಗಿ ಆಸ್ಪತ್ರೆಯ ಓಡಾಟವೆಲ್ಲ ತಂಗಿಯ ತಲೆಗೆ.

ಗುರುವಾರ ಬೆಳಿಗ್ಗೆ ಆಫೀಸಿಗೆ ಬಂದು ಮಿಂಚಂಚೆ ತೆರೆದಾಗ ಹದಿನೇಳನೇ ಬಾವಿಯ ವರದಿಯ ಪ್ರತಿ ಕಂಡಿತು. ನಲವತ್ತು ಪುಟ. ಚಿತ್ರಗಳೆಲ್ಲ ನುಣುಪು. 'ಮೇಲಿನ ಐನೂರು ಮೀಟರಿನಲ್ಲಿ ಅಪಾಯದ ಲಕ್ಷಣಗಳಿಲ್ಲ' ಎಂಬ ಒಂದು ಸಾಲು. ಕೊನೆಯ ಪುಟದಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ಅವಳ ಹೆಸರು, ಹುದ್ದೆ, ಸಹಿ. ತಾರೀಕು ಬುಧವಾರದ್ದು.

ಅವಳ ಕಿವಿ ಬಿಸಿಯಾಯಿತು. ಕುರ್ಚಿ ಹಿಂದೆ ತಳ್ಳಿ ನೇರ ಮ್ಯಾನೇಜರ ಕೋಣೆಗೆ ಹೋದಳು.

"ನಾನು ಕಣ್ಣಲ್ಲೂ ನೋಡದ ಕಾಗದದ ಮೇಲೆ ನನ್ನ ಸಹಿ ಹೇಗೆ ಬಂತು ಸರ್?"

"ಅದೇ ಹಾಕ್ಕೊಳತ್ತೆ. ಯೋಜನೆ ನಿಮ್ಮ ಹೆಸರಲ್ಲಿ ಇದೆಯಲ್ಲ, ಅದಕ್ಕೆ. ಮೂರನೇ ಸೌಲಭ್ಯ. ಸೋಮವಾರ ಹೇಳಿದ್ರಲ್ಲ?"

"ಬುಧವಾರ ನಾನು ಆಸ್ಪತ್ರೇಲಿದ್ದೆ. ನಮ್ಮಕ್ಕನ ಕಣ್ಣಿಗೆ ಗಂಟೆಗೊಂದ್ಸಲ ಔಷಧಿ ಬಿಡ್ತಾ ಕೂತಿದ್ದೆ."

"ಅದಕ್ಕೇ ನಿಮಗೆ ತೊಂದರೆ ಕೊಡೋದು ಬೇಡ ಅಂತ ನಾನೇ ಕಳಿಸೋ ಬಟನ್ ಒತ್ತಿದೆ," ಎಂದರು ಮ್ಯಾನೇಜರು, ದೊಡ್ಡ ಉಪಕಾರ ಮಾಡಿದವರ ಹಾಗೆ. "ಕೊರೆಯೋ ಕಂಪನಿಯವರು ಎಷ್ಟು ಖುಷಿಯಾಗಿದಾರೆ ಗೊತ್ತಾ? ಇಷ್ಟು ಬೇಗ ಯಾರೂ ಕೊಟ್ಟಿರ್ಲಿಲ್ಲವಂತೆ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಕೋತಿಗೆ ತಾನು ಒರೆಸಿದ್ದೇ ಗೊತ್ತಿಲ್ಲ ಎಂದುಕೊಂಡು ಅವಳು ಹಲ್ಲು ಕಚ್ಚಿ ಹೊರಗೆ ಬಂದಳು.

ಅವಳು ಕೂರುವ ಕೋಣೆಯ ಮೂಲೆಯಲ್ಲಿ ಒಂದು ಹಳೇ ಯಂತ್ರ ಇತ್ತು. ಅದರಲ್ಲಿನ್ನೂ ಹಳೇ ಆವೃತ್ತಿಯೇ ಇತ್ತು. ತೆಗೆಯಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಬಯಲಿನಿಂದ ಬಂದ ಮೂಲ ಮಾಹಿತಿಯನ್ನು ಅದಕ್ಕೆ ತುಂಬಿ, ಬಾವಿ ಕೊರೆಯುವ ಜಾಗದ ಮೇಲೆ ಹಾದುಹೋಗುವ ಉಪಕರಣಗಳ ಒಂದೇ ಒಂದು ಸಾಲನ್ನು ಕೈಯಾರೆ ಸೋಸತೊಡಗಿದಳು. ಬಸ್ಸಿನ ಸದ್ದು ತೆಗೆದಳು. ಗಾಳಿಯ ಸದ್ದು ತೆಗೆದಳು. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಚಿತ್ರ ಮೂಡಿತು.

ಮುನ್ನೂರ ಹತ್ತು ಮೀಟರಿನ ಹತ್ತಿರ, ಬಾವಿಯ ಗುರುತಿನ ಸರಿಯಾಗಿ ಕೆಳಗೆ, ಕಾಡಿಗೆ ಬಳಿದ ಹಾಗೆ ಒಂದು ಗಾಢವಾದ ಪಟ್ಟಿ.

ಅದು ಏನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅನಿಲ ತುಂಬಿದ ಮರಳಿನ ಪದರಕ್ಕೆ ನಡುಕ ಬಡಿದರೆ ಅದು ಬೇರೆಲ್ಲ ಪದರಗಳಿಗಿಂತ ಜೋರಾಗಿ ಕೂಗಿಕೊಳ್ಳುತ್ತದೆ. ಹೊಸ ಆವೃತ್ತಿಗೆ ಜೋರಾಗಿ ಕೂಗುವುದೆಲ್ಲ ಗದ್ದಲ. ಅದರ ಬಾಯಿಗೆ ಬಟ್ಟೆ ತುರುಕಿ, ಮೇಲೆ ನುಣುಪಾಗಿ ಸಾರಿಸಿಬಿಟ್ಟಿತ್ತು. ಅಷ್ಟು ಮೇಲೆ ಅನಿಲ ಇದೆ ಎಂದು ಗೊತ್ತಿಲ್ಲದೆ ಅಗಲವಾದ ಬಾವಿ ಕೊರೆದರೆ, ತಡೆಯಲು ಸಮಯ ಸಿಗುವುದಿಲ್ಲ. ಕೆಸರು, ಕಲ್ಲು, ಅನಿಲ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಆಮೇಲೆ ಒಂದು ಕಿಡಿ ಸಾಕು.

ಎರಡೂ ಚಿತ್ರ ಮುದ್ರಿಸಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಟ್ಟಳು. ಅವರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

"ಇರಬಹುದು, ಇಲ್ಲದೇನೂ ಇರಬಹುದು," ಎಂದರು. "ಸಾಫ್ಟ್‌ವೇರ್ ಕಂಪನಿಯವರನ್ನ ಕೇಳೋಣ. ಸೋಮವಾರ ಕೂತು ಮಾತಾಡೋಣ."

"ಭಾನುವಾರ ಕೊರೆಯೋಕೆ ಶುರು ಮಾಡ್ತಾರೆ."

"ವರದಿ ಕೊಟ್ಟ ಮಾರನೇ ದಿನಾನೇ ತಪ್ಪಾಯ್ತು ಅಂತ ಬರೆದ್ರೆ ನಮ್ಮ ಮರ್ಯಾದೆ ಏನಾಗತ್ತೆ, ಸ್ವಲ್ಪ ಯೋಚನೆ ಮಾಡಿ."

ಆಗ ಅವಳು ಕೂಗಿದಳು. ಗಾಜಿನ ಗೋಡೆಯ ಆಚೆ ಹದಿನಾರು ತಲೆಗಳು ಒಟ್ಟಿಗೆ ಎದ್ದವು.

"ಮರ್ಯಾದೆ ನಿಮ್ಮದು, ಸಹಿ ನಂದು! ನಾಳೆ ಅಲ್ಲಿ ನಾಲ್ಕು ಜನ ಸುಟ್ಟು ಕರಕಲಾದ್ರೆ ಯಾರ ಹೆಸರು ಓದ್ತಾರೆ ಸರ್? ನಿಮ್ಮದಾ? ಈ ತಂತ್ರಾಂಶದ್ದಾ? ಅದಕ್ಕೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಜೈಲಿಲ್ಲ! ಇವತ್ತೇ ತಿದ್ದುಪಡಿ ಕಳಿಸಿ."

"ದನಿ ತಗ್ಗಿಸಿ ಮೇಡಂ."

"ಕಳಿಸ್ತೀರೋ ಇಲ್ವೋ?"

"ಸೋಮವಾರ," ಎಂದರು ಮ್ಯಾನೇಜರು. ಕಲ್ಲಿನ ಮೇಲೆ ನೀರು ಸುರಿದಂತಾಯಿತು.

ಅವಳು ಮೆಟ್ಟಿಲಿಳಿದು ಕಟ್ಟಡದ ಹಿಂದೆ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ನಿಂತು ಭಾವನಿಗೆ ಫೋನ್ ಮಾಡಿದಳು. ಆಫೀಸಿನ ಕೆಲಸದ ಗುಟ್ಟು ಹೊರಗೆ ಹೇಳಬಾರದೆಂಬ ಕಾಗದಕ್ಕೂ ಅವಳ ಸಹಿ ಇತ್ತು. ಆ ಸಹಿಯನ್ನು ಅವಳೇ ಹಾಕಿದ್ದಳು. ಗೊತ್ತಿದ್ದೇ ಫೋನ್ ಮಾಡಿದಳು.

"ನಿಮ್ಮಕ್ಕ ಹೇಗಿದಾಳೆ?" ಎಂದ ಭಾವ, ಎತ್ತಿದ ಕೂಡಲೇ.

"ಅಕ್ಕ ಚೆನ್ನಾಗಿದಾಳೆ. ನಾನು ಬೇರೆ ವಿಷಯಕ್ಕೆ ಮಾಡಿದ್ದು. ನಿಮ್ಮ ಬಾವಿ ಕೆಳಗೆ ಮುನ್ನೂರ ಹತ್ತರಲ್ಲಿ ಅನಿಲ ಇದೆ ಭಾವ."

ಅತ್ತ ಜನರೇಟರಿನ ಸದ್ದು.

"ಇಲ್ಲ ಅಂತ ವರದಿ ಇದೆಯಲ್ಲಮ್ಮ. ನೀನೇ ಸಹಿ ಹಾಕಿದೀಯ. ನಾನು ನಮ್ಮ ತಂಡದೋರಿಗೆಲ್ಲ ತೋರಿಸಿದೆ, ನೋಡ್ರೋ, ನಮ್ಮ ನಾದಿನಿ ನೋಡಿದಾಳೆ, ನೀವು ನಿಶ್ಚಿಂತೆಯಾಗಿರಿ ಅಂತ."

ಆ ಮಾತು ಅವಳ ಎದೆಗೆ ನಾಟಿತು. ಅಲ್ಲಿಯವರೆಗೆ ಕಿವಿಯಲ್ಲಿದ್ದ ಬಿಸಿ ಕಣ್ಣಿಗೆ ಇಳಿಯಿತು. ಅಳು ಅಲ್ಲ ಅದು.

"ನಾನು ಹಾಕಿಲ್ಲ ಭಾವ. ಯಂತ್ರ ಹಾಕಿದೆ. ನಾನು ನೋಡಿದ್ದು ಇವತ್ತು, ಈಗ. ಅಲ್ಲಿ ಅನಿಲ ಇದೆ."

"ಖಂಡಿತಾನಾ?"

"ಖಂಡಿತ ಅಂತ ಹೇಳೋಕೆ ನಾನೇನು ನೆಲದೊಳಗೆ ಹೋಗಿ ಬಂದಿದೀನಾ? ನೂರಕ್ಕೆ ತೊಂಬತ್ತು."

"ಕೊರೀಬೇಡಿ ಅಂತ ಹೇಳೋ ಅಧಿಕಾರ ನನಗಿಲ್ಲ," ಎಂದ ಭಾವ ನಿಧಾನವಾಗಿ. "ಆದ್ರೆ ಹೇಗೆ ಕೊರೀಬೇಕು ಅನ್ನೋದು ನನ್ನ ಕೈಲಿದೆ. ಮೊದಲು ಗೇಣಗಲದ ತೂತು ಕೊರಸ್ತೀನಿ. ಅದಾದ್ರೆ ತಡೀಬಹುದು. ತೂತಿಗೆ ಬಿಡೋ ಕೆಸರನ್ನೂ ದಪ್ಪ ಮಾಡಿ ಇಟ್ಕೋತೀನಿ, ಅದರ ಭಾರಕ್ಕೆ ಅನಿಲ ಮೇಲೇಳಲ್ಲ. ಒಂದೂವರೆ ದಿನ ಹಾಳಾಗತ್ತೆ, ಬೈಸ್ಕೋತೀನಿ ಬಿಡು."

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಮುನ್ನೂರ ಆರು ಮೀಟರಿನಲ್ಲಿ ತೂತಿನಿಂದ ಹಿಂದಿರುಗುತ್ತಿದ್ದ ಕೆಸರು ಕುದಿಯುವ ಪಾತ್ರೆಯ ಹಾಗೆ ಗುಳುಗುಳು ಎಂದಿತು. ಅನಿಲ ಅಳೆಯುವ ಯಂತ್ರದ ಎಚ್ಚರಿಕೆ ಗಂಟೆ ಹೊಡೆದುಕೊಂಡಿತು. ಸಣ್ಣ ತೂತಾದ್ದರಿಂದಲೂ, ದಪ್ಪ ಕೆಸರು ಸಿದ್ಧವಾಗಿದ್ದರಿಂದಲೂ ಅದನ್ನು ಒತ್ತಿಹಿಡಿಯಲು ಆಯಿತು. ಹಾಗಿದ್ದೂ ಆರು ಗಂಟೆ ಹಿಡಿಯಿತು. ಒಬ್ಬನ ಮುಂಗೈ ಮುರಿಯಿತು. ಸತ್ತವರಿಲ್ಲ. ಸಂಜೆ ಫೋನ್ ಮಾಡಿದಾಗ ಭಾವನ ದನಿ ಗೊಗ್ಗರಾಗಿತ್ತು. "ಎಲ್ಲರೂ ಇದೀವಿ," ಎಂದಷ್ಟೇ ಹೇಳಿದ.

ಅವಳು ಫೋನ್ ಮಾಡಿದ್ದನ್ನು ಭಾವ ತನ್ನ ದಿನಚರಿಯ ವರದಿಯಲ್ಲಿ ಬರೆದಿದ್ದ, ಆ ಸುದ್ದಿ ಮ್ಯಾನೇಜರಿಗೂ ಮುಟ್ಟಿತ್ತು. ಮಂಗಳವಾರ ಜರಡಿಯ ಮೇಜಿನ ಮೇಲೆ ಒಂದು ನೋಟಿಸು ಇತ್ತು. ಆಫೀಸಿನ ಗುಟ್ಟಿನ ಮಾಹಿತಿಯನ್ನು ನೆಂಟರಿಗೆ ತಿಳಿಸಿದ್ದಕ್ಕೆ ಮೂರು ದಿನದೊಳಗೆ ವಿವರಣೆ ಕೊಡಬೇಕಂತೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಅವಳು ಎರಡು ಸಲ ಓದಿದಳು. ಪಕ್ಕದ ಮೇಜಿನವರು, "ಕ್ಷಮೆ ಕೇಳಿ ಬರೆದುಬಿಡಿ ಮೇಡಂ, ಮುಗಿದುಹೋಗತ್ತೆ," ಎಂದರು.

"ಏನು ಮುಗಿಯತ್ತೆ?" ಎಂದಳು. ಅವರು ತಿರುಗಿ ಕೂತರು.

ಮೂರು ದಿನ ಬೇಕಾಗಲಿಲ್ಲ, ಮುಕ್ಕಾಲು ಗಂಟೆ ಸಾಕಾಯಿತು. 'ಹೌದು, ಹೇಳಿದೆ' ಎಂದು ಶುರು ಮಾಡಿದಳು. ಎರಡು ಚಿತ್ರ ಲಗತ್ತಿಸಿದಳು. ಬುಧವಾರ ತಾನೆಲ್ಲಿದ್ದೆ ಎಂಬುದಕ್ಕೆ ಆಸ್ಪತ್ರೆಯ ಚೀಟಿ ಲಗತ್ತಿಸಿದಳು. ಗುರುವಾರ ಎಷ್ಟು ಹೊತ್ತಿಗೆ ಮ್ಯಾನೇಜರ ಕೋಣೆಗೆ ಹೋದೆ, ಅವರು ಏನೆಂದರು, ತಾನೆಷ್ಟು ಜೋರಾಗಿ ಕೂಗಿದೆ ಎಂಬುದನ್ನೂ ಬಿಡಲಿಲ್ಲ. 'ನನ್ನ ಸಹಿಯನ್ನು ನಾನಿಲ್ಲದಾಗ ಬಳಸಿದವರು ಯಾರು, ಅವರಿಗೆ ಯಾವ ನೋಟಿಸು ಕೊಟ್ಟಿದ್ದೀರಿ?' ಎಂದು ಮುಗಿಸಿ, ಒಂದು ಪ್ರತಿಯನ್ನು ಕೊರೆಯುವ ಕಂಪನಿಗೂ ಕಳಿಸಿದಳು.

ಬಿಸಿ ಮುಟ್ಟಿದ್ದು ಆಗ. ಕೊರೆಯುವ ಕಂಪನಿಯವರ ಕೈಯಲ್ಲಿ ಭಾವನ ದಿನಚರಿಯ ವರದಿ ಮೊದಲೇ ಇತ್ತು. ಎರಡನ್ನೂ ಜೋಡಿಸಿ ನೋಡಿ ಮೂರು ಜನ ಕಾರಿನಲ್ಲಿ ಬಂದರು. ಹೊಸ ಆವೃತ್ತಿ ಬಂದಮೇಲೆ ಎಷ್ಟು ವರದಿ ಹೋಗಿವೆ ಎಂದು ಕೇಳಿದರು. ಒಂಬತ್ತು. ಒಂಬತ್ತನ್ನೂ ಮೊದಲಿನಿಂದ, ಕೈಯಾರೆ, ಮಾಡಿಕೊಡಿ ಎಂದರು. ಮ್ಯಾನೇಜರ ಹಣೆಯ ಮೇಲೆ ಬೆವರು ಸಾಲುಗಟ್ಟಿತು.

ಅವರು ಹೋದ ಮೇಲೆ ಮ್ಯಾನೇಜರು ಅವಳನ್ನು ಕರೆದು, ಕುರ್ಚಿ ತಾವೇ ಎಳೆದುಕೊಟ್ಟರು. "ನಿಮ್ಮನ್ನ ಬಿಟ್ರೆ ಇದು ಯಾರಿಂದಲೂ ಆಗಲ್ಲ ಮೇಡಂ. ನೋಟಿಸನ್ನ ಮರೆತುಬಿಡಿ."

"ನಾನು ಮರೆಯಲ್ಲ. ವಾಪಸ್ ತಗೊಂಡಿದೀವಿ ಅಂತ ಬರೆದುಕೊಡಿ. ಎಲ್ಲರಿಗೂ ಪ್ರತಿ ಹೋಗಲಿ. ಆ ಸಹಿ ಹಾಕೋ ಸೌಲಭ್ಯ ಇವತ್ತೇ ಮುಚ್ಚಿಸಿ. ಹಳೇ ಆವೃತ್ತಿನ ಯಾವ ಯಂತ್ರದಿಂದಲೂ ತೆಗೀಬಾರದು."

"ಇಷ್ಟೆಲ್ಲ ಒಂದೇ ಸಲ..."

"ಹಾಗಾದ್ರೆ ನೀವೇ ಕೂತು ಸೋಸಿ."

ಸಂಜೆಯೊಳಗೆ ಬರೆದುಕೊಟ್ಟರು. ತರಬೇತಿಗೆ ಬಂದಿದ್ದವನು ಮರುದಿನ ಫೋನ್ ಮಾಡಿದ. ಮುಂದಿನ ಆವೃತ್ತಿಯಲ್ಲಿ ಅನಿಲದ ಎಚ್ಚರಿಕೆ ಎಂಬ ಹೊಸ ಸೌಲಭ್ಯ ತರುತ್ತಾರಂತೆ, ಮೇಡಂ ಕೈಯಾರೆ ಗುರುತು ಮಾಡಿದ ಚಿತ್ರಗಳನ್ನು ಕಳಿಸಿದರೆ ತುಂಬ ಸಹಾಯವಾಗುತ್ತದಂತೆ.

"ಮೊದಲು ಇಲ್ಲಿಗೆ ಬನ್ನಿ. ಮುಂಗೈ ಮುರಿದವನ ಹತ್ರ ಕರ್ಕೊಂಡು ಹೋಗ್ತೀನಿ. ಅವನಿಗೆ ನಿಮ್ಮ ಮೂರು ಸೌಲಭ್ಯ ವಿವರಿಸಿ. ಆಮೇಲೆ ನೋಡೋಣ," ಎಂದು ಅವಳು ಫೋನ್ ಇಟ್ಟಳು. ಅವನು ಬರಲಿಲ್ಲ.

ಆ ಭಾನುವಾರ ಭಾವ ಊರಿಗೆ ಬಂದ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಒರಗಿದ್ದಳು. ಭಾವ ನಾದಿನಿಯ ಕೈ ಹಿಡಿದುಕೊಂಡು, "ನೀನು ಫೋನ್ ಮಾಡದೇ ಇದ್ದಿದ್ರೆ..." ಎಂದು ಶುರುಮಾಡಿದ.

"ಸುಮ್ಮನಿರಿ ಭಾವ," ಎಂದು ಅವಳು ಕೈ ಬಿಡಿಸಿಕೊಂಡಳು. "ನನ್ನ ಹೆಸರು ನೋಡಿ ನಂಬಿದ್ರಲ್ಲ, ಒಳಗಿನ ಚಿತ್ರ ಒಂದ್ಸಲ ತೆಗೆದು ನೋಡಿದ್ರಾ? ಇಪ್ಪತ್ತೈದು ವರ್ಷ ಕೊರೆದೋರು ನೀವು. ಅಷ್ಟು ನುಣುಪಾದ ನೆಲ ಎಲ್ಲಾದ್ರೂ ಕಂಡಿದೀರಾ?"

ಭಾವ ತಲೆ ತಗ್ಗಿಸಿದ. ಅಕ್ಕ, "ಅಯ್ಯೋ, ಬಂದೋರನ್ನೂ ಬೈತೀಯಲ್ಲೇ, ನಿನ್ನ ಕೋಪ ಯಾವಾಗ ಇಳಿಯತ್ತೆ?" ಎಂದಳು.

"ಸೋಸೋಕೆ ಇನ್ನೂ ಒಂಬತ್ತು ವರದಿ ಇದೆ ಅಕ್ಕ," ಎಂದಳು ಜರಡಿ. ಅಕ್ಕನ ತಲೆ ಹಿಂದಕ್ಕೆ ವಾಲಿಸಿ, ಕನ್ನಡಕ ತೆಗೆದು, ಎರಡು ಹನಿ ಔಷಧಿ ಬಿಟ್ಟಳು.