ಎರಡು ಕಾಲಿನ ಅಳತೆ

ರಕ್ತನಿಧಿಯ ಉಸ್ತುವಾರಿ ನನ್ನದು, ಮನೆಯ ಉಸ್ತುವಾರಿ ಅತ್ತೆಯದು. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವರು ಅವರೇ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಬಾರದೆಂಬುದು ನಮ್ಮಿಬ್ಬರ ಒಪ್ಪಂದ. ಚಿತ್ರಮಂದಿರದ ಬಾಲ್ಕನಿ ಕುಸಿದ ದಿನ ಅದೂ ಮುರಿದುಬಿತ್ತು.

ಗಾಯಾಳುಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಪರೀಕ್ಷೆ ಮುಗಿದ ರಕ್ತ ಫ್ರಿಜ್ಜಿನಲ್ಲಿ ಸಾಕಷ್ಟಿತ್ತು, ಕೊಡುತ್ತಾ ಹೋದೆ. ಅಷ್ಟರಲ್ಲಿ ಅತ್ತೆ ಇಡೀ ಬೀದಿಯನ್ನೇ ಕರೆತಂದು ಕಾರಿಡಾರಿನಲ್ಲಿ ನಿಲ್ಲಿಸಿದರು. ಸ್ಟ್ರೆಚರ್ ಹೋಗಲೂ ಜಾಗವಿಲ್ಲ.

"ತಗೋಮ್ಮ, ಯಾರ್ದು ಬೇಕೋ ತಗೋ" ಎಂದರು. ಅಳತೆ ಟೇಪು ಕುತ್ತಿಗೆಯಲ್ಲೇ ಇತ್ತು.

"ಇವತ್ತಿಗೆ ಇರೋದು ಸಾಕು ಅತ್ತೆ. ಎಲ್ರೂ ಇವತ್ತೇ ಕೊಟ್ಬಿಟ್ರೆ ಇನ್ನು ಮೂರು ತಿಂಗಳು ಯಾರೂ ಕೊಡೋ ಹಾಗಿಲ್ಲ. ಮುಂದಿನ ವಾರ ಮತ್ತೆ ಆಪರೇಷನ್‌ಗಳು ಇರ್ತವೆ. ಆಗ ಬರ್ಲಿ."

"ಕರೆದು ತಂದೋರನ್ನ ವಾಪಸ್ ಕಳ್ಸು ಅಂತೀಯಾ? ನಾಳೆ ಬೀದೀಲಿ ಮುಖ ಹೇಗೆ ತೋರಿಸ್ಲಿ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೂಗಾಡಿ ಎಲ್ಲರನ್ನೂ ಹೊರಗೆ ಕಳಿಸಿದೆ. ಅಂದಿನಿಂದ ಅತ್ತೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ಮಗನ ಮೂಲಕವೇ: "ನಿನ್ ಹೆಂಡ್ತಿಗೆ ಹೇಳು, ತಟ್ಟೆ ಹಾಕಿದೀನಿ." ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ಮುಂದಿನ ವಾರ ಹೆದರಿದಂತೆಯೇ ಆಯಿತು. ಬಾಲ್ಕನಿ ಕುಸಿದ ದಿನ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿಯ ಬಲಗಾಲು ತೊಲೆಯಡಿ ಸಿಕ್ಕಿ ಜಜ್ಜಿಹೋಗಿತ್ತು.

"ನಾಡಿದ್ದು ಇನ್ನೊಂದು ಆಪರೇಷನ್ ಮಾಡಿದ್ರೆ ಕಾಲು ಉಳಿಯುತ್ತೆ" ಎಂದರು ಸರ್ಜನ್. "ರಕ್ತ ಇಲ್ದೆ ನಾನು ಕೈ ಹಾಕಲ್ಲ. ತಡ ಆದ್ರೆ ಕಾಲು ತೆಗೀಬೇಕಾಗುತ್ತೆ."

ಫ್ರಿಜ್ಜು ಬಣಗುಡುತ್ತಿತ್ತು. ಬೀದಿಯವರಿಗೆಲ್ಲ ಫೋನು ಮಾಡಿದೆ. ಅವತ್ತು ತೋಳೇರಿಸಿ ನಿಂತಿದ್ದವರಿಗೆ ಈಗ ಕೆಲಸ, ನೆಗಡಿ, ಮನೆಗೆ ನೆಂಟರು. ಸಂಜೆ ಗಂಡನ ಮುಂದೆ ಹೇಳಿಕೊಂಡು ಅತ್ತುಬಿಟ್ಟೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅತ್ತೆ ಮಾತ್ರ ಹೊರಗೆ ಬರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ, ರಕ್ತನಿಧಿಯ ಮುಂದಿನ ಬೆಂಚಿನ ಮೇಲೆ ಹೊಲಿದ ಬಟ್ಟೆಗಳ ಗುಡ್ಡೆ. ಪಕ್ಕದಲ್ಲಿ ಅತ್ತೆ. ಎದುರಿಗೆ ಇಡೀ ಬೀದಿ, ಈ ಸಲ ಗೋಡೆಗೊರಗಿ ಸಾಲಾಗಿ. ಬಟ್ಟೆ ಸಿದ್ಧವಾಗಿದೆ, ಆಸ್ಪತ್ರೆಗೇ ಬಂದು ತಗೊಂಡು ಹೋಗಿ ಎಂದು ಮನೆಮನೆಗೂ ಹೇಳಿಕಳಿಸಿದ್ದರಂತೆ.

"ಅತ್ತೆ, ರಕ್ತ ಕೊಟ್ರೇನೇ ಬಟ್ಟೆ ಅನ್ನೋ ಹಾಗಿಲ್ಲ" ಎಂದು ಪಿಸುಗುಟ್ಟಿದೆ.

"ಯಾರಂದ್ರು ಹಾಗೆ? ಬಟ್ಟೆ ಕೈಗಿಟ್ಟು ಆ ಹುಡುಗಿ ವಿಷ್ಯ ಹೇಳ್ತೀನಿ ಅಷ್ಟೆ. ಹೋಗೋರು ಹೋಗ್ಲಿ."

ಒಂದು ವಾರದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ತಬ್ಬಿಕೊಳ್ಳಬೇಕೆನಿಸಿತು. ಕೈಯಲ್ಲಿ ಗ್ಲೌಸ್ ಇದ್ದವು, ಬಿಟ್ಟೆ.

ಬೇಕರಿಯವನೊಬ್ಬ ಹೊಸ ಪ್ಯಾಂಟು ಬಗಲಿಗಿಟ್ಟುಕೊಂಡು ಮೆಲ್ಲಗೆ ಜಾರಿಕೊಂಡ. ಉಳಿದವರು ತೋಳೇರಿಸಿದರು. ಕೊನೆಗೆ ಅತ್ತೆಯೇ ಹಾಸಿಗೆ ಹತ್ತಿದರು.

"ವಯಸ್ಸು?" ಎಂದೆ.

"ಐವತ್ತೆಂಟು."

"ನಿಮ್ಮ ಮಗನಿಗೇ ಐವತ್ತಾಯ್ತು. ಇಳೀರಿ."

ಆಪರೇಷನ್ ಆಯಿತು. ಹುಡುಗಿ ಎದ್ದು ಕೂರುವಂತಾದಾಗ ಅತ್ತೆ ವಾರ್ಡಿಗೆ ಬಂದರು, ಮನೆಗೆ ಹೋಗುವ ದಿನಕ್ಕೆ ಅವಳಿಗೊಂದು ಪ್ಯಾಂಟು ಹೊಲಿಯಲು. ಎಡಗಾಲಿಗೆ ಟೇಪು ಹಿಡಿದರು. ಆಮೇಲೆ ಬ್ಯಾಂಡೇಜು ಸುತ್ತಿದ ಬಲಗಾಲಿಗೂ ಹಿಡಿದರು, ಸೊಂಟದಿಂದ ಹಿಮ್ಮಡಿಯವರೆಗೆ, ನಿಧಾನವಾಗಿ.

"ಯಾವಾಗ್ಲೂ ಒಂದೇ ಕಾಲು ತಾನೆ ಅತ್ತೆ ನೀವು ಅಳೆಯೋದು?" ಎಂದೆ.

"ಎರಡಿದಾವೆ, ಎರಡನ್ನೂ ಅಳೀತೀನಿ" ಎಂದರು. "ನನ್ ಕೆಲ್ಸದಲ್ಲಿ ಮೂಗು ತೂರಿಸ್ಬೇಡ."