ಕದಿರಪ್ಪನ ಕೊರಕಲು

ಕದಿರಪ್ಪ ಬರಿಗೈಯಲ್ಲಿ ನಡೆದದ್ದನ್ನು ನಾನು ಕಂಡವನೇ ಅಲ್ಲ. ಮುಳಬಾಗಿಲಿನ ಸಂತೆಯಿಂದ ಬರಲಿ, ಬೀಗರ ಮನೆಯ ಊಟದಿಂದ ಮರಳಲಿ, ಅವನ ಎಡಗೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ಇದ್ದೇ ಇರುತ್ತಿತ್ತು. ಅದರ ಭಾರಕ್ಕೆ ಆ ಕಡೆಯ ಭುಜವೇ ಇಳಿದುಹೋಗಿ, ಮಾಸಿದ ಖಾಕಿ ಕೋಟು ಸದಾ ಓರೆಯಾಗಿ ಜೋಲುತ್ತಿತ್ತು. ಊರ ಶಾಲೆಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ನಕ್ಕವರಲ್ಲಿ ನಾನೂ ಒಬ್ಬ. ಸಂಗತಿ ತಿಳಿದ ಮೇಲೆ ನಾಚಿಕೆಯಾಯಿತು.

ಗುಡ್ಡದ ನೀರು ತಲೆಮಾರುಗಳಿಂದ ಹರಿದು ಊರ ಹಿಂದೆ ಎರಡಾಳು ಆಳದ, ಕಡಿದಾದ ಕೊರಕಲೊಂದನ್ನು ಕೊರೆದಿಟ್ಟಿತ್ತು. ಅದರ ಅಂಚಿಗೇ ಕದಿರಪ್ಪನ ಅಕ್ಕ, ಗಂಡನಿಲ್ಲದ ಮುನಿಯಲ್ಲಮ್ಮನಿಗಿದ್ದ ಒಂದೇ ರಾಗಿ ಹೊಲ. ಎಪ್ಪತ್ತೈದನೇ ಇಸವಿಯಲ್ಲಿ, ಅಕ್ಕನ ಮಣ್ಣು ಉಳಿಸುತ್ತೇನೆಂದು ಹೊರಟ ಈ ಪುಣ್ಯಾತ್ಮ ಕೊರಕಲಿಗೆ ಅಡ್ಡಲಾಗಿ ಆಳೆತ್ತರದ ಕಲ್ಲುಗೋಡೆ ಎಬ್ಬಿಸಿದ. ಹೊಲದ ಬದು ಹಾಕಿದ ಕೈಯಲ್ಲವೇ, ಗೋಡೆಯ ನೆತ್ತಿಯನ್ನು ಬದುವಿನಂತೆಯೇ ಮಟ್ಟವಾಗಿ ಕಟ್ಟಿದ. ನೀರು ಹಾಯಲು ನಡುವೆ ತಗ್ಗು ಬಿಡಲಿಲ್ಲ. ಒಂದೇ ಮಧ್ಯಾಹ್ನದ ಮಳೆಗೆ ನೀರು ಗೋಡೆಯ ಪಕ್ಕದಿಂದ ಸುತ್ತಿಕೊಂಡು ದಡಕ್ಕೆ ನುಗ್ಗಿ, ಅರ್ಧ ಹೊಲವನ್ನು ಕೊಚ್ಚಿಕೊಂಡು ಹೋಯಿತು.

"ನೀರು ಇಪ್ಪತ್ತು ವರ್ಷಕ್ಕೆ ತಿನ್ನೋದನ್ನ ನೀನು ಒಂದೇ ದಿನಕ್ಕೆ ತಿನ್ನಿಸ್ಬಿಟ್ಟೆ ಕಣೋ," ಎಂದ ಮುನಿಯಲ್ಲಮ್ಮ ಅಂದಿನಿಂದ ತಮ್ಮನೊಡನೆ ಮಾತು ಬಿಟ್ಟಳು.

ಕದಿರಪ್ಪ ಗೋಡೆಯನ್ನು ಬಿಚ್ಚಿ, ಕಲ್ಲುಗಳನ್ನು ಒಂದೊಂದಾಗಿ ಕೊರಕಲಿನ ತಲೆಯವರೆಗೂ ಹೊತ್ತು, ಅಲ್ಲಿಂದ ಕೆಳಕ್ಕೆ ಮಂಡಿಯೆತ್ತರದ ಸಾಲುಗಳನ್ನು ಕಟ್ಟುತ್ತ ಬಂದ. ಪ್ರತಿ ಸಾಲಿನ ನಡುವೆ ತಗ್ಗು, ಪಕ್ಕದಲ್ಲಿ ಕತ್ತಾಳೆ. ಕಡಿಮೆ ಬಿದ್ದ ಕಲ್ಲನ್ನು ದಾರಿಯಲ್ಲಿ ಆರಿಸುತ್ತಿದ್ದ. ಒಮ್ಮೆ ನನ್ನ ಕೈಗೂ ಒಂದು ಕೊಟ್ಟ. ಒಗೆದ ಪಂಚೆಯೆಲ್ಲ ಕೆಮ್ಮಣ್ಣಾಯಿತು. "ನೀರಿಗೆ ಹೋಗ್ಬೇಡ ಅನ್ಬಾರ್ದು ಮೇಷ್ಟ್ರೇ, ಸ್ವಲ್ಪ ಕೂತು ಹೋಗು ಅನ್ಬೇಕು," ಎಂದ. ನಮ್ಮೊಡನೆ ಕನ್ನಡವಾಡುವವನು ನೀರಿನೊಡನೆ ಮಾತ್ರ ಮನೆಯ ತೆಲುಗಿನಲ್ಲಿ, "ಕೂಚೋಮ್ಮಾ, ಕೂಚೋ," ಎಂದು ಬಂದ ನೆಂಟರನ್ನು ಕೂರಿಸುವಂತೆ ಉಪಚರಿಸುತ್ತಿದ್ದ.

ಎಂಬತ್ತೆರಡರ ಮುಂಗಾರು ಜೋರಾಗಿಯೇ ಬಂತು. ಕೆಂಪು ನೀರು ಸಾಲುಸಾಲಿಗೂ ನಿಂತು, ಹೂಳು ಬಿಟ್ಟು, ಮೆಲ್ಲಗೆ ಇಳಿಯಿತು. ಉಳಿದ ಅರ್ಧ ಹೊಲದ ಅಂಚಿನಿಂದ ಒಂದು ಹೆಂಟೆಯೂ ಉದುರಲಿಲ್ಲ. ಅಬ್ಬಾ, ನನಗೇ ಉಸಿರು ಬಂದಂತಾಯಿತು! ಮಳೆ ಹೊಳವಾದ ಮೇಲೆ ಮುನಿಯಲ್ಲಮ್ಮ ಎರಡೂ ಕೈಯಲ್ಲಿ ಕಲ್ಲೊಂದನ್ನು ಹಿಡಿದು ಕೊರಕಲಿಗೆ ಇಳಿದಳು.

"ಇದನ್ನ ಎಲ್ಲಿ ಇಕ್ಲೋ?"

ಏಳು ವರ್ಷಗಳ ಮೇಲಿನ ಮೊದಲ ಮಾತು. ಕದಿರಪ್ಪ ಬೆರಳಿನಿಂದ ಜಾಗ ತೋರಿಸಿದ.

ತಪ್ಪು ಮಾಡಿ ಕೈಮುಗಿಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ತಪ್ಪಾಗಿ ಕಟ್ಟಿದ್ದನ್ನು ತಾವೇ ಬಿಚ್ಚಿ, ಆ ಕಲ್ಲುಗಳನ್ನೇ ಹೊತ್ತು ಸುಮ್ಮನೆ ಗುಡ್ಡ ಹತ್ತುವವರು ಊರಿಗೊಬ್ಬರಾದರೂ ಇರುತ್ತಾರೆ; ಹೋದ ಮಣ್ಣನ್ನು ಅವರೂ ತರಲಾರರು, ಆದರೆ ಇರುವ ಮಣ್ಣಿನಲ್ಲಿ ನಾವು ರಾಗಿ ಬಿತ್ತುವುದು ಅವರನ್ನು ನಂಬಿಯೇ.